ಕಲ್ಲಿದ್ದಲಿನ ನೀರಡಿಕೆ

“ಪೈಪ ಎತ್ತಿ ಹಿಡಿಯೇ ಬೋಸುಡಿ. ಹೊಗಿ ಏಳಾಕತ್ತೈತಿ, ಕಣ್ಣ ಎಲ್ಲಿ ಇಟ್ಟೀ?”

ನಿಜಗುಣಪ್ಪ ಧಣಿ ಕೊಡೆಯ ನೆರಳಿನಿಂದ ಕೂಗಿದ. ತಾಯವ್ವ ಪೈಪು ಎತ್ತಿದಳು. ಕಲ್ಲಿದ್ದಲಿನ ಗುಡ್ಡೆಯ ನೆತ್ತಿ ಚುಯ್ ಎಂದಿತು. ಒಟ್ಟಿಟ್ಟ ಕಲ್ಲಿದ್ದಲಿಗೆ ಬಿಸಿಲಲ್ಲಿ ತಾನಾಗಿಯೇ ಬೆಂಕಿ ಹತ್ತುತ್ತದೆ. ಹತ್ತಬಾರದೆಂದರೆ ಬೆಳಗಿನಿಂದ ಸಂಜೆಯವರೆಗೆ ಅದಕ್ಕೆ ನೀರು ಕುಡಿಸುತ್ತಲೇ ಇರಬೇಕು. ಕರೆಂಟು ತಯಾರಿಸುವ ಈ ಕಂಪನಿಯಲ್ಲಿ ತಾಯವ್ವನ ಕೆಲಸ ಅಷ್ಟೇ.

ನೀರು ಬರುವುದು ಮಲಪ್ರಭೆಯ ಮಡುವಿನಿಂದ. ಮನೋಳಿಯಿಂದ ಕೆಳಗೆ ಹೊಳೆಯೆಲ್ಲ ಬತ್ತಿದರೂ ಆ ಮಡು ಬತ್ತಿದ್ದನ್ನು ಅವಳ ಅಜ್ಜಿಯೂ ಕಂಡಿರಲಿಲ್ಲ. ಈಗ ಕಂಪನಿಯ ಪೈಪು ಅದರ ತಳಕ್ಕೇ ಬಾಯಿ ಹಚ್ಚಿ ಕೂತಿದೆ. ಊರಿನ ನಳ ಹನ್ನೆರಡು ದಿನದಿಂದ ಗಾಳಿ ಉಗುಳುತ್ತಿದೆ. ಮಡುವಿನ ದಂಡೆಯ ಹೊಲ ಮೊದಲು ಧಣಿಯದು. ಅದನ್ನು ಕಂಪನಿಗೆ ಕೊಟ್ಟು ಈಗ ಆಳುಗಳ ಗುತ್ತಿಗೆ ಹಿಡಿದಿದ್ದಾನೆ. ಹೊಲ ಹೋದರೂ ಬೈಯುವ ಬಾಯಿ ಹೋಗಿರಲಿಲ್ಲ.

ಆ ಸಂಜೆ ತಾಯವ್ವ ಬುತ್ತಿಯ ಡಬ್ಬಿಯಲ್ಲಿ ನೀರು ತುಂಬಿಕೊಂಡು ಹೊರಟಳು. ಮಗಳು ಮೀನಾ ಹಡೆದು ಒಂಬತ್ತು ದಿನವಾಗಿತ್ತು. ಬಾಣಂತಿಗೆ ಎರೆಯುವ ಮಾತು ದೂರ ಉಳಿಯಿತು, ಕೂಸಿನ ಮೈ ಒರೆಸಲೂ ಮನೆಯಲ್ಲಿ ನೀರಿರಲಿಲ್ಲ. ಗೇಟಿನಲ್ಲಿ ಧಣಿ ಡಬ್ಬಿ ಬಿಚ್ಚಿಸಿದ. ಅಲ್ಲೇ ಚೆಲ್ಲಿಸಬಹುದಿತ್ತು. ಹಾಗೆ ಮಾಡದೆ ಇನ್ನೂರು ಹೆಜ್ಜೆ ವಾಪಸು ನಡೆಸಿ, ಗುಡ್ಡೆಯ ಬುಡಕ್ಕೆ ಅವಳ ಕೈಯಿಂದಲೇ ಸುರಿಸಿದ.

“ಅದರ ಬಾಯಾಗಿಂದ ಕಸಗೊಂಡ ಹೊಂಟಿದ್ದಿಯಲ್ಲ, ಅದಕ್ಕ ತಿರುಗಿ ಕೊಡು. ನೀರಡಿಕಿ ಅದಕ್ಕ ಆಗೈತಿ, ನಿನಗಲ್ಲ.”

ಕಾವಲುಗಾರ ಶಿವಲಿಂಗ ಅವಳ ಕೇರಿಯವನೇ. ತಲೆ ತಗ್ಗಿಸಿ, ಕಟ್ಟಿದ ಬೂಟಿನ ಲಾಡಿಯನ್ನೇ ಬಿಚ್ಚಿ ಮತ್ತೆ ಕಟ್ಟಿದ. ತಾಯವ್ವನಿಗೆ ಅಳು ಬರಲಿಲ್ಲ. ಖಾಲಿ ಡಬ್ಬಿಯನ್ನು ಸಿಟ್ಟಿನಿಂದ ಮುಚ್ಚಿ ಗೇಟು ದಾಟಿದಳು.

ಮಳೆಗಾಲ ತೆರೆಯುವ ಮಿರಗ ದಾಟಿ ಹದಿನೈದು ದಿನವಾದರೂ ಹನಿ ಬೀಳಲಿಲ್ಲ. ಗುರ್ಜಿ ತಿರುಗಿಸಬೇಕೆಂದು ಊರ ಹಿರಿಯರು ಹೇಳಿದರು. ಎರೆಮಣ್ಣಿನ ಗೊಂಬೆಗೆ ಗರಿಕೆ ಸಿಗಿಸಿ, ರೊಟ್ಟಿ ಹಂಚಿನಲ್ಲಿಟ್ಟು, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಬೇಕು. ಪ್ರತಿ ಮನೆಯವರೂ ಅದರ ಮೇಲೊಂದು ಕೊಡ ನೀರು ಸುರಿಯಬೇಕು. ಗುರ್ಜಿಗೆ ಇಲ್ಲವೆನ್ನುವಂತಿಲ್ಲ. ಅದು ತೊಯ್ದು ಕರಗುವತನಕ ಹೊತ್ತವರು ಇಳಿಸುವಂತೆಯೂ ಇಲ್ಲ. ಆ ಊರಲ್ಲಿ ಹೊರುವ ಪಾಳಿ ಕೇರಿಯದು, ಈ ವರ್ಷ ತಾಯವ್ವನ ಮನೆಯದು. ಮಳೆ ಎಲ್ಲರಿಗೂ ಬೇಕು, ಹೊರೆ ಮಾತ್ರ ಕೇರಿಗೆ.

ಕೊಡ ಹೋಗಿ ತಂಬಿಗೆಯಾಯಿತು, ತಂಬಿಗೆ ಹೋಗಿ ಬೊಗಸೆಯಾಯಿತು. ಧಣಿಯ ಹೆಂಡತಿ ರಾಚವ್ವ ಕಟ್ಟೆಯ ಮೇಲೆ ನಿಂತು, ದೂರ ಸರಿ ಎಂದು ಎರಡು ಸಲ ಹೇಳಿ, ಲೋಟದಿಂದ ನಾಲ್ಕು ಹನಿ ಚಿಮುಕಿಸಿದಳು. ಸಿಡಿದದ್ದು ತನ್ನ ಸೀರೆಗೆ ತಾಗೀತೆಂದು ಸೆರಗು ಎತ್ತಿಕೊಂಡು ಒಳಗೆ ಹೋದಳು. ಊರು ಮುಗಿಯಿತು. ಗುರ್ಜಿಯ ನೆತ್ತಿಯಷ್ಟೇ ಹಸಿಯಾಗಿತ್ತು, ಹೊಟ್ಟೆ ಇನ್ನೂ ಕಲ್ಲು.

ಖಾಲಿ ಕೊಡ ಹಿಡಿದು ಹಿಂದೆ ಬಂದಿದ್ದ ಹೆಂಗಸರು, ಇನ್ನು ಇಳಿಸಿಬಿಡು ಎಂದರು.

“ಒಂದ ಮನಿ ಉಳದೈತಿ,” ಎಂದಳು ತಾಯವ್ವ.

ಕಂಪನಿಯ ಕೌಶಿಕ ಸಾಹೇಬ ಹೋದ ವರ್ಷ ಊರ ಸಭೆಯಲ್ಲಿ, ಕಂಪನಿಯೂ ನಿಮ್ಮೂರಿನ ಒಂದು ಮನೆ ಎಂದು ತಿಳಿಯಿರಿ ಎಂದಿದ್ದ. ಚಪ್ಪಾಳೆಯೂ ಬಿದ್ದಿತ್ತು. ಆ ಮನೆಯ ಬಾಗಿಲಿಗೆ ಗುರ್ಜಿ ಬಂದಾಗ ಅವನಿಗೆ ಖುಷಿಯೇ ಆಯಿತು. ಕಾರಿನಿಂದ ಇಳಿದು, ತಾನು ಕುಡಿದು ಬಿಟ್ಟಿದ್ದ ಬಾಟಲಿಯ ನೀರನ್ನು ಗೊಂಬೆಯ ಮೇಲೆ ಹನಿಸಿದ, ಫೋಟೋ ತೆಗೆಸಿಕೊಂಡ, ಇಂಥ ಪದ್ಧತಿ ಬಿಡಬಾರದೆಂದು ಹೇಳಿ ಹೋದ.

“ಆತಿಲ್ಲೇ, ದೇವರಿಗೆ ಸಾಹೇಬರ ಎಂಜಲೂ ಸಿಕ್ತು,” ಎಂದ ಧಣಿ. “ಆ ಮಣ್ಣ ಅಲ್ಲೇ ಒಗದ ಕೆಲಸಕ್ಕ ಹೋಗ. ನಿನ್ನಿಂದ ಗುಡ್ಡಿ ಕಾದ ಹೊಗಿ ಬಿಡಾಕತ್ತೈತಿ.”

ತಾಯವ್ವ ಕೆಲಸಕ್ಕೆ ಹೋದಳು. ಒಗೆಯಲಿಲ್ಲ. ಗುರ್ಜಿ ಹೊತ್ತೇ ಗುಡ್ಡೆಯ ಮುಂದೆ ನಿಂತು, ಒಂದು ಕೈಯಿಂದ ಹಂಚು ಹಿಡಿದು, ಇನ್ನೊಂದು ಕೈಯಿಂದ ಪೈಪು ಎತ್ತಿದಳು. ಧಣಿ ಹೇಳಿಕೊಟ್ಟಂತೆಯೇ ಎತ್ತಿ ಹಿಡಿದಳು, ತನ್ನ ತಲೆಯ ಮೇಲಕ್ಕೆ. ಜೋರಾಗಿ ಬಿದ್ದರೆ ಗೊಂಬೆ ಒಮ್ಮೆಲೇ ಕರಗೀತೆಂದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಳು. ಮಡುವಿನ ನೀರು ಹೂಮಳೆಯಾಗಿ ಬಿತ್ತು. ನೆತ್ತಿ, ಕೊರಳು, ಬೆನ್ನು. ಎಷ್ಟೋ ದಿನದ ಮೇಲೆ ಮೈಗೆ ನೀರು ತಾಗಿ ಅವಳಿಗೆ ನಡುಕ ಬಂತು, ಸುಖವಾಯಿತು. ಸುಖವಾದದ್ದಕ್ಕೆ ಸಿಟ್ಟು ಇನ್ನೂ ಏರಿತು.

ಧಣಿ ಬಾಯಿಗೆ ಬಂದಂತೆ ಬೈಯುತ್ತ ಓಡಿಬಂದ. ವಾಲ್ವು ಬಂದ್ ಮಾಡಿದರೆ ಗುಡ್ಡೆಗೂ ನೀರಿಲ್ಲ. ಪೈಪು ಕಸಿಯಬೇಕೆಂದರೆ ಅವಳ ಕೈ ಹಿಡಿಯಬೇಕು. ಕೇರಿಯವರ ಬೊಗಸೆಗೆ ಅರವತ್ತು ವರ್ಷ ಮೇಲಿನಿಂದಲೇ ನೀರು ಹೊಯ್ದ ಮನುಷ್ಯ ಅವನು. ಚಾಚಿದ ಕೈ ಅವಳ ಕೈಗೆ ಮೊಳ ದೂರದಲ್ಲೇ ನಿಂತಿತು.

“ಲೇ ಶಿವಲಿಂಗ, ಎಳದ ಹಾಕಲೇ ಈ ರಂಡಿನ್ನ.”

ಶಿವಲಿಂಗ ಬಗ್ಗಿ ಬೂಟಿನ ಲಾಡಿ ಬಿಚ್ಚಿದ. ಈ ಸಲ ತಿರುಗಿ ಕಟ್ಟಲಿಲ್ಲ. ಗುರ್ಜಿಯ ಮುಂದೆ ಬೂಟು ಹಾಕಿಕೊಂಡು ನಿಲ್ಲಬಾರದು ಎನ್ನುವವನಂತೆ ಎರಡನ್ನೂ ಕಳಚಿ ಬದಿಗಿಟ್ಟು, ಬರಿಗಾಲಲ್ಲಿ ಹೋಗಿ ಗೇಟು ತೆರೆದ. ಹೊರಗೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ತಾಯವ್ವನ ಸುತ್ತ ಕೊಡ ಇಟ್ಟರು. ಕೊಡದ ತಳದಲ್ಲಿ ಹನಿ ಬೀಳುವ ಸದ್ದು ಶುರುವಾಯಿತು.

ಗುಡ್ಡೆಯ ನಡುವಿನಿಂದ ಹಳದಿ ಹೊಗೆ ಎದ್ದು, ಒಳಗೆ ಎಲ್ಲೋ ಕೆಂಪು ಕಂಡಿತು. ಧಣಿಯ ದನಿ ಇಳಿಯಿತು.

“ತಾಯವ್ವಾ, ಸಾಕ ಬಿಡವಾ. ಉರದ ಹೋಗತೈತಿ. ನೀರ ಇತ್ತಾಗ ತಿರುಗಸು.”

ಜನ್ಮದಲ್ಲಿ ಮೊದಲ ಸಲ ಅವನ ಬಾಯಲ್ಲಿ ಅವಳಿಗೆ ಅವ್ವಾ ಎಂಬ ಮಾತು ಬಂದಿತ್ತು. ತಾಯವ್ವ ಹಂಚು ಹಿಡಿದ ಕೈಯ ಬೆರಳಿನಿಂದ ಗೊಂಬೆಯ ಹೊಟ್ಟೆ ಒತ್ತಿ ನೋಡಿದಳು.

“ಇನ್ನಾ ತೊಯ್ದಿಲ್ರಿ ಧಣೇರ,” ಎಂದಳು.