ಹದಿನೇಳನೆಯ ಮೀಟರು

ಅಣ್ಣ ತೀರಿಕೊಂಡ ಎರಡು ವರ್ಷಕ್ಕೆ, ಅವನು ದುಡಿದ ಅಣುವಿದ್ಯುತ್ ಸ್ಥಾವರದ ಪಂಪ್ ಕೋಣೆಯಲ್ಲೇ ತಂಗಿ ಫೈಬರ್ ಎಳೆಯಬೇಕಾಗಿ ಬಂತು. ಅವಳ ಕಸುಬೇ ಅದು. ಕೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಕೊಳವೆಗಳ ಉದ್ದಕ್ಕೂ ಕಟ್ಟಿ, ಒಂದು ತುದಿಯಿಂದ ಬೆಳಕು ಬಿಡುವುದು. ವಿಕಿರಣ ಬಿದ್ದ ಕಡೆ ಗಾಜು ಮಂಕಾಗುತ್ತದೆ. ಮರಳಿ ಬರುವ ಬೆಳಕನ್ನು ನೋಡಿ ಎಳೆಯ ಯಾವ ಮೀಟರಿನಲ್ಲಿ ಎಷ್ಟು ವಿಕಿರಣ ಬಿದ್ದಿದೆ ಎಂದು ಹೇಳಬಹುದು.

ಅಣ್ಣ ಅಲ್ಲಿ ಫಿಟ್ಟರ್ ಆಗಿದ್ದ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಅವನ ಬ್ಯಾಡ್ಜ್ ಮಿತಿ ದಾಟಿರಲಿಲ್ಲ. ಹಾಗಾಗಿ ರಕ್ತದ ಕ್ಯಾನ್ಸರ್ ಬಂದಾಗ ಎಲ್ಲರೂ ಬೊಟ್ಟು ಮಾಡಿದ್ದು ಅವನ ಸಿಗರೇಟಿನ ಕಡೆಗೆ. ಅತ್ತಿಗೆಯದಂತೂ ಒಂದೇ ರಾಗ: ಬೇಡ ಬೇಡ ಅಂದರೂ ಸೇದಿದಿರಿ, ಸಂಸಾರಕ್ಕೆ ನೀವೇ ಬೆಂಕಿ ಇಟ್ಟಿರಿ. ಅವನು ಎದುರಾಡಲಿಲ್ಲ. ಬೆಂಕಿ ಇಟ್ಟವನಿಗೆ ಬೆಂಕಿಪೊಟ್ಟಣವನ್ನಾದರೂ ಕೊಡೇ ಎಂದು ನಗಿಸಲು ನೋಡುತ್ತಿದ್ದ. ಅವಳು ನಗಲಿಲ್ಲ. ಕೊನೆಯ ವಾರ ಆಸ್ಪತ್ರೆಯಲ್ಲಿ, ತಪ್ಪಾಯ್ತು ಕಣೇ ಎಂದು ಕೈ ಹಿಡಿದಾಗಲೂ ಬಿಡಿಸಿಕೊಂಡು ಬಟ್ಟೆ ಮಡಿಸತೊಡಗಿದ್ದಳು.

ಹದಿನೇಳನೆಯ ಮೀಟರಿನಲ್ಲಿ ಬೆಳಕು ಕುಸಿಯಿತು. ತಂಗಿ ಎಳೆ ಬದಲಿಸಿ ಮತ್ತೆ ಅಳೆದಳು. ಅದೇ. ಪಂಪಿನ ಹಿಂದೆ ಕೊಳವೆ ಬಾಗುವ ಇಕ್ಕಟ್ಟು ಅದು. ಗೋಡೆಯ ವಾಲ್ವ್ ಬಿಗಿಯುವವನು ಕೊಳವೆಗೆ ಬೆನ್ನು ಕೊಟ್ಟೇ ನಿಲ್ಲಬೇಕು. ಬಿದ್ದದ್ದೆಲ್ಲ ಬೆನ್ನಿಗೆ. ಎದೆಯ ಬ್ಯಾಡ್ಜಿಗೆ ಅವನ ಮೈಯೇ ಮರೆ.

ಹಳೆಯ ಮೇಸ್ತ್ರಿಯನ್ನು ವಿಚಾರಿಸಿದಳು. ಆ ಸಂದಿನಲ್ಲಿ ನುಸುಳುವಷ್ಟು ತೆಳ್ಳಗಿದ್ದವನು ನಿಮ್ಮಣ್ಣನೊಬ್ಬನೇ, ಯಾವಾಗಲೂ ಅವನನ್ನೇ ಕಳಿಸುತ್ತಿದ್ದೆ ಎಂದು ಆತ ತಲೆ ತಗ್ಗಿಸಿದ.

ಅವಳು ವರದಿ ಕೊಟ್ಟಳು. ವಿಕಿರಣ ತಡೆಯಲು ಆ ಮೂಲೆಗೆ ಸೀಸದ ಇಟ್ಟಿಗೆ ಬಂತು. ರೋಗ ಇದರಿಂದಲೇ ಬಂತೆಂದು ಆಣೆಯಿಟ್ಟು ಹೇಳಲಾಗದು ಎಂದರು ವೈದ್ಯರು. ಇದರಿಂದಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಅತ್ತಿಗೆಯ ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದಳು. ಅಣ್ಣನ ಮೇಲಿನ ಅಪವಾದ ಕಳೆಯಿತಲ್ಲ ಎಂಬ ಸಮಾಧಾನ ಅವಳಿಗೆ. ಅತ್ತಿಗೆ ಒಲೆ ಆರಿಸಿ ನೆಲದ ಮೇಲೆ ಕೂತಳು.

"ತಪ್ಪಾಯ್ತು ಅಂತ ಕೈ ಹಿಡಿದ್ರಲ್ಲ," ಎಂದಳು. "ನಾನು ಬಿಡಿಸ್ಕೊಂಡೆ."

"ನಿಮಗೇನು ಗೊತ್ತಿತ್ತು ಅತ್ತಿಗೆ."

"ಅವರಿಗೂ ಗೊತ್ತಿರ್ಲಿಲ್ಲ. ಮಾಡದ ತಪ್ಪು ಒಪ್ಕೊಂಡು ಹೋದ್ರು. ನೀನು ಹೇಳದೇ ಇದ್ದಿದ್ರೆ ಅವರ ಮೇಲಿನ ಸಿಟ್ಟಲ್ಲಾದ್ರೂ ಬದುಕ್ತಿದ್ದೆ ಕಣೇ."

ತಂಗಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಅತ್ತಿಗೆ, ಅಲ್ಲಿ ನಿಂತರೆ ಬೆನ್ನಿಗೆ ಏನಾದರೂ ಗೊತ್ತಾಗುತ್ತದೆಯೇ, ಉರಿಯುತ್ತದೆಯೇ ಎಂದು ಕೇಳಿದಳು.

"ಇಲ್ಲ ಅತ್ತಿಗೆ. ಏನೂ ಗೊತ್ತಾಗಲ್ಲ."