ಕೈಬಿಟ್ಟ ಲಗಾಮು

ಹಾರೆ ಬಿದ್ದಲ್ಲೆಲ್ಲ ಕಿಡಿ ಹಾರುತ್ತಿತ್ತು. ಏಪ್ರಿಲ್ ಮುಗಿಯುತ್ತ ಬಂದಿದ್ದರೂ ದಿಬ್ಬದ ಮೇಲಿನ ಸ್ಮಶಾನದಲ್ಲಿ ಗೇಣುದ್ದ ಕೆಸರಿನ ಕೆಳಗೆ ನೆಲ ಇನ್ನೂ ಹೆಪ್ಪುಗಟ್ಟಿಕೊಂಡೇ ಇತ್ತು. ಕುರಿ ಈಯುವ ಕಾಲ. ಕೆಳಗಿನ ದೊಡ್ಡಿಗಳಿಂದ ಮರಿಗಳ ಕೂಗು ಒಂದೇ ಸಮ ಕೇಳಿಬರುತ್ತಿತ್ತು. ಅಂಥ ಹೊತ್ತಿನಲ್ಲೂ ನಾಲ್ವರು ಗಂಡಸರು ಕೆಲಸ ಬಿಟ್ಟು ಬಂದು ಸುಯುನ್‌ಬಾಯ್‌ಗೆ ಗುಂಡಿ ತೋಡುತ್ತಿದ್ದರು. ಜನವರಿಯಲ್ಲಿ ಕುದುರೆ ಹತ್ತಿ ಹೋದ ಅವನು ನಿನ್ನೆ, ಹಿಮ ಕರಗಿದ ಮೇಲೆ, ಸಿಕ್ಕಿದ್ದ.

ಎಸೆನ್‌ಕುಲ್ ಯಾರಿಗೂ ಸರದಿ ಬಿಟ್ಟುಕೊಡದೆ ಅಗೆಯುತ್ತಿದ್ದ.

"ಕೊಡೋ ಇತ್ಲಾಗೆ ಹಾರೆ," ಎಂದ ಟೊಕೊಯ್. "ಹೀಗೇ ಅಗೀತಿದ್ರೆ ಪಕ್ಕದಲ್ಲಿ ನಿನಗೂ ಒಂದು ತೋಡಬೇಕಾಗುತ್ತೆ."

ಎಸೆನ್‌ಕುಲ್ ಹಾರೆ ಕೊಟ್ಟು ಮಣ್ಣಿನ ಗುಡ್ಡೆಯ ಮೇಲೆ ಕೂತ. ಅಲ್ಲಿಂದ ಸುಯುನ್‌ಬಾಯ್‌ನ ಮಣ್ಣಿನ ಮನೆ ಕಾಣುತ್ತಿತ್ತು. ಸತ್ತವನಿಗಾಗಿ ಅದರ ಪಕ್ಕದಲ್ಲಿ ಬೆಳಗ್ಗೆಯಷ್ಟೇ ಉಣ್ಣೆಯ ಗುಡಾರ ಎಬ್ಬಿಸಿದ್ದರು. ಒಳಗೆ ಅವನ ಹೆಂಡತಿ ಬೂರುಲ್ ಗೋಡೆಯ ಕಡೆ ಮುಖ ಮಾಡಿ ಕೂತು ಹಾಡಿ ಅಳುತ್ತಿದ್ದಳು. ಗಾಳಿ ತಿರುಗಿದಾಗ ಒಂದೊಂದು ಸಾಲು ಮೇಲಕ್ಕೆ ಬರುತ್ತಿತ್ತು: "ಒಲೆಯ ಹೊಗೆ ಇತ್ತ ಕಾಣುತ್ತಿರಲು, ದಾರಿ ತಪ್ಪಿ ಘಟ್ಟಕೇಕೆ ಹೋದೆಯೋ..."

"ಅದೇ ನನಗೂ ತಿಳೀದಿರೋದು," ಎಂದ ಟೊಕೊಯ್ ಅಗೆಯುತ್ತ. "ಮನೆ ಇರೋದು ಕೆಳಗೆ. ಇವನು ಸಿಕ್ಕಿದ್ದು ಮೇಲೆ, ಘಟ್ಟದ ಬುಡದಲ್ಲಿ. ಎರಡು ಕೈಯನ್ನೂ ಅಂಗಿ ತೋಳೊಳಗೆ ಸೇರಿಸ್ಕೊಂಡು, ಹಾಸಿಗೇಲಿ ಮಲಗಿದ ಹಾಗೆ."

"ಲಗಾಮು ಬಿಟ್ಟಿರಬೇಕು," ಎಂದ ಇನ್ನೊಬ್ಬ. "ಬಿರುಗಾಳೀಲಿ ಕುದುರೆ ಕಿವಿ ಕಾಣದೆ ಹೋದ್ರೆ, ಅದೇ ಮನೆ ಸೇರಿಸುತ್ತೆ ಅಂತ ನಾವೂ ಬಿಡ್ತೀವಲ್ಲ."

"ಬಿಟ್ಟಿದ್ರೆ ಮನೇಲಿರ್ತಿದ್ದ. ಈ ಎಸೆನ್‌ಕುಲ್ ಕೊಟ್ಟ ಕುದುರೆ ಚುಕ್ಕೆ, ಚಳಿಗಾಲವೆಲ್ಲ ಎಲ್ಲೋ ಹಿಮ ಕೆದರಿ ಮೇದು, ಮೂರು ವಾರದ ಹಿಂದೆ ತಾನಾಗೇ ಬಂದು ಇವನ ಬಾಗಿಲಲ್ಲಿ ನಿಲ್ಲಲಿಲ್ವಾ? ಕುದುರೆಗೆ ಗೊತ್ತಿದ್ದ ದಾರಿ ಮನುಷ್ಯನಿಗೆ ಗೊತ್ತಿರಲಿಲ್ಲ ಅಂದ್ರೆ..." ಟೊಕೊಯ್ ಹೆಬ್ಬೆರಳನ್ನು ಬಾಯಿಯ ಹತ್ತಿರ ಎತ್ತಿ ಶೀಸೆ ಕುಡಿಯುವ ಹಾಗೆ ತೋರಿಸಿದ. "ಮಗಳ ಮದುವೇಲಿ ಕುಡಿದು ಕುರಿಗಳ ನಡುವೆ ಮಲಗಿದ್ದೋನು ತಾನೇ?"

ಅದು ಹನ್ನೆರಡು ವರ್ಷದ ಹಿಂದಿನ ಮಾತು. ಆಮೇಲೆ ಸುಯುನ್‌ಬಾಯ್ ಶೀಸೆ ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಆದರೆ ಊರು ಅವನ ಬಗ್ಗೆ ನೆನಪಿಟ್ಟುಕೊಂಡಿದ್ದ ತಮಾಷೆ ಅದೊಂದೇ ಆದ್ದರಿಂದ ಎಲ್ಲರೂ ನಕ್ಕರು. ಎಸೆನ್‌ಕುಲ್ ಮಾತ್ರ ಬೂಟಿನ ಕೆಸರು ಕೆರೆಯುತ್ತ ಕೂತಿದ್ದ.

*

ಜನವರಿಯ ಆ ಬೆಳಗ್ಗೆ ಸುಯುನ್‌ಬಾಯ್ ನಡೆದುಕೊಂಡೇ ಬಂದಿದ್ದ. ಮೀಸೆಯ ಮೇಲೆಲ್ಲ ಹಿಮ.

"ನಮ್ಮ ಬೂದನ ಗೊರಸಲ್ಲಿ ಬಾವು ಬಂದಿದೆ ಕಣೋ ತಮ್ಮ. ಊರವರ ಎರಡು ಹೆಣ್ಣುಕುದುರೆ ಮೇಲಿನ ಕಣಿವೇಲಿ ಉಳ್ಕೊಂಡಿವೆ. ಇವತ್ತು ಹೊಡ್ಕೊಂಡು ಬರದಿದ್ರೆ ತೋಳದ ಪಾಲು. ಒಂದು ಕುದುರೆ ಕೊಡ್ತೀಯಾ?"

ಎಸೆನ್‌ಕುಲ್ ಹಟ್ಟಿಯಿಂದ ಚುಕ್ಕೆಯನ್ನು ಹೊರಗೆ ತಂದ. ಕಂದು ಮೈ, ಹಣೆಯಲ್ಲಿ ಬಿಳಿ ಚುಕ್ಕೆ. ಸುಯುನ್‌ಬಾಯ್ ಅದರ ಕಾಲು ಸವರಿ, ಹಲ್ಲು ನೋಡಿ, ಕತ್ತಿನ ಮೇಲೆ ಕೈಯಿಟ್ಟ.

"ನಿಮ್ಮ ಮುದುಕಿಯ ಮರಿ ತಾನೇ ಇದು? ಎಷ್ಟು ಎತ್ತರಕ್ಕೆ ಬೆಳೆದಿದೆ!"

ಎಸೆನ್‌ಕುಲ್‌ನ ಮುದಿ ಹೆಣ್ಣುಕುದುರೆಯ ತಳಿ ಆ ಕಣಿವೆಗೆಲ್ಲ ಹೆಸರಾದದ್ದು. ಅವನ ಅಪ್ಪ ಅದರ ತಾಯಿಯ ಮೇಲೆ ಪಂದ್ಯ ಗೆದ್ದಿದ್ದ. ಅದರ ಕಡೆಯ ಮರಿ ಶರತ್ಕಾಲದಲ್ಲಿ, ಮೇಲಿನ ಹುಲ್ಲುಗಾವಲಿನಲ್ಲಿ, ಹೊಟ್ಟೆಯುಬ್ಬರದಿಂದ ಸತ್ತುಹೋಗಿತ್ತು. ಒಂಟಿಯಾಗಿದ್ದ ಎಸೆನ್‌ಕುಲ್ ಅದರ ಮೇಲೆ ಕಲ್ಲು ಪೇರಿಸಿ, ಘಟ್ಟ ದಾಟಿ, ಅದೇ ಬಣ್ಣದ, ಅದೇ ಚುಕ್ಕೆಯ ಇನ್ನೊಂದನ್ನು ಕೊಂಡು ತಂದಿದ್ದ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ಸುಯುನ್‌ಬಾಯ್ ಕೇಳಿದ್ದ.

"ಇನ್ನೇನು ಮತ್ತೆ? ಇದೇ ಹಟ್ಟೀಲಿ ಹುಟ್ಟಿದ್ದು," ಎಂದ.

"ದಾರಿ ಗೊತ್ತಾ ಇದಕ್ಕೆ? ಆಕಾಶ ಸರಿಯಿಲ್ಲ ಇವತ್ತು."

"ಕಣ್ಣು ಕಟ್ಟಿ ಬಿಟ್ರೂ ಮನೆಗೆ ಬರುತ್ತಣ್ಣ. ನೀನು ಸುಮ್ನೆ ಕೂತಿದ್ರೆ ಸಾಕು."

ಸುಯುನ್‌ಬಾಯ್ ನಕ್ಕ. ಜೇಬಿನಿಂದ ಒಣಗಿದ ಮೊಸರುಂಡೆ ತೆಗೆದು, ಅರ್ಧ ಕುದುರೆಗೆ ಕೊಟ್ಟು, ಅರ್ಧ ತಾನು ಬಾಯಿಗೆ ಹಾಕಿಕೊಂಡ. "ಕುರಿಕತ್ತರಿ ಸಾಣೆ ಹಿಡಿಸಬೇಕು ಅಂದಿದ್ಯಲ್ಲ, ಮನೆಗೆ ಕಳಿಸಿರು. ಬಂದ ಮೇಲೆ ನೋಡ್ತೀನಿ," ಎಂದು ಹತ್ತಿ ಹೊರಟ. ಮಧ್ಯಾಹ್ನದ ಹೊತ್ತಿಗೆ ಎದುರುಬೆಟ್ಟ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಹಟ್ಟಿಯೇ ಕಾಣಲಿಲ್ಲ.

ಹನ್ನೊಂದು ದಿನ ಹುಡುಕಿದರು. ಕೆಳಗಿನ ಕಣಿವೆಯನ್ನೆಲ್ಲ ಕೋಲು ಚುಚ್ಚಿ ನೋಡಿದರು. ಘಟ್ಟದ ಕಡೆ ಯಾರೂ ಹೋಗಲಿಲ್ಲ. ಮನೆಗೆ ಬರುವವನು ಆ ಕಡೆ ಯಾಕೆ ಹೋಗುತ್ತಾನೆ?

ಏಪ್ರಿಲ್ ಮೊದಲಲ್ಲಿ, ಗಾಳಿಗೆ ಹಿಮ ಹಾರಿಹೋದ ಬೆಟ್ಟದೇಣಿನ ದಾರಿ ತೆರೆದುಕೊಂಡ ದಿನ, ಕುದುರೆ ಮಾರಿದವನು ಅದನ್ನು ಹಿಡಿದುಕೊಂಡು ಬರುತ್ತ ಘಟ್ಟದ ಮೇಲೆ ಎಸೆನ್‌ಕುಲ್‌ಗೆ ಸಿಕ್ಕ. "ಚಳಿಗಾಲದ ನಟ್ಟನಡುವೆ ಬಂದು ನಮ್ಮ ಬಾಗಿಲಲ್ಲಿ ನಿಂತಿತ್ತು ಮಾರಾಯ. ಜೀನು ಹೊಟ್ಟೆಯಡಿ ಜಾರಿತ್ತು. ನೀನು ಹತ್ತಿದ್ಯೇನೋ ಅಂತ ಹೆದರಿಬಿಟ್ಟಿದ್ದೆ," ಎಂದು ಹಗ್ಗ ಕೈಗಿಟ್ಟ. ಎಸೆನ್‌ಕುಲ್ ಕುದುರೆಯನ್ನು ಇಳಿಸಿ ತಂದು, ತಾನಾಗಿಯೇ ಬಂತು ಎಂದು ಊರಿಗೆ ಹೇಳಿದ. ಮೊದಲನೆಯ ಸುಳ್ಳು ಬರೀ ಜಂಬಕ್ಕೆ ಹೇಳಿದ್ದು. ಈ ಎರಡನೆಯದು ಹೆದರಿ ಹೇಳಿದ್ದು.

*

ಮಧ್ಯಾಹ್ನ ಸುಯುನ್‌ಬಾಯ್‌ನನ್ನು ಕಂಬಳಿ ಸುತ್ತಿ ಚಟ್ಟದ ಮೇಲೆ ಮಲಗಿಸಿ ಗುಡಾರದ ಮುಂದೆ ತಂದಿಟ್ಟರು. ಗಂಡಸರು ಸಾಲಾಗಿ ನಿಂತರು. ಮುಲ್ಲಾ ಪಕ್ಕಕ್ಕೆ ಸರಿದು, ಸತ್ತವನ ಅಣ್ಣ ಮಾಮತ್‌ಗೆ ಜಾಗ ಬಿಟ್ಟ. ಎಪ್ಪತ್ತು ದಾಟಿದ ಮಾಮತ್ ಕೋಲೂರಿ ಮುಂದೆ ಬಂದ.

"ನನ್ನ ತಮ್ಮ ಎಂಥೋನಾಗಿದ್ದ?"

"ಒಳ್ಳೆಯವನು," ಎಂದರು ಎಲ್ಲರೂ. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲೇ ಸಣ್ಣಗೆ ನಕ್ಕರು. ಅದು ಮಾಮತ್‌ಗೂ ಕೇಳಿಸಿತು. ಅವನ ಕಿವಿ ಕೆಂಪಾಯಿತು, ಆದರೂ ತಡೆದುಕೊಂಡ.

"ಅವನು ಯಾರಿಗಾದ್ರೂ ಬಾಕಿ ಇದ್ರೆ ಹೇಳಿ, ನಾನಿದ್ದೀನಿ. ನೀವು ಅವನಿಗೆ ಬಾಕಿ ಇದ್ರೂ ಈಗ್ಲೇ ಹೇಳಿಬಿಡಿ. ಮಣ್ಣು ಮುಚ್ಚಿದ ಮೇಲೆ ಬೇಡ."

"ನಾಲ್ಕು ಹೊರೆ ಹುಲ್ಲು ನಾನು ಕೊಡಬೇಕು," ಎಂದ ಒಬ್ಬ ಮುದುಕ. "ಹೋದ ವರ್ಷದ್ದು. ಪುಣ್ಯಾತ್ಮ ಕೇಳಲೇ ಇಲ್ಲ."

"ಬಿಟ್ಟುಕೊಟ್ಟೆ. ಮತ್ತೆ?"

ಗುಡಾರದೊಳಗೆ ಬೂರುಲ್ ಮತ್ತೆ ಅದೇ ಸಾಲಿಗೆ ಬಂದಿದ್ದಳು, ದಾರಿ ತಪ್ಪಿ ಘಟ್ಟಕೇಕೆ ಹೋದೆಯೋ.

"ಮತ್ತೆ ಯಾರೂ ಇಲ್ವಾ?" ಎಂದು ಮಾಮತ್ ಚಟ್ಟ ಎತ್ತಲು ಕೈ ಮಾಡಿದ.

"ನಾನಿದ್ದೀನಿ," ಎಂದ ಎಸೆನ್‌ಕುಲ್.

"ನಿನ್ನದೇನು?"

"ಒಂದು ಮಾತಿನ ಬಾಕಿ ಅಣ್ಣ." ಟೋಪಿ ತೆಗೆದ. ಯಾಕೆ ತೆಗೆದನೋ, ಮತ್ತೆ ಇಟ್ಟುಕೊಂಡ. "ಆ ಕುದುರೆ ನಮ್ಮಲ್ಲಿ ಹುಟ್ಟಿದ್ದಲ್ಲ. ನಮ್ಮ ಮುದುಕಿಯ ಮರಿ ಸತ್ತುಹೋಯ್ತು. ಇದನ್ನ ಘಟ್ಟದಾಚೆಯಿಂದ ತಂದೆ. ಅವನು ದಾರಿ ಗೊತ್ತಾ ಅಂತ ಕೇಳಿದ. ಕಣ್ಣು ಕಟ್ಟಿ ಬಿಟ್ರೂ ಮನೆಗೆ ಬರುತ್ತೆ ಅಂದೆ ನಾನು."

ಮಾಮತ್ ಕೋಲೂರಿಕೊಂಡು ಒಂದು ಹೆಜ್ಜೆ ಹತ್ತಿರ ಬಂದ.

"ಅದು ಇಲ್ಲಿಗೆ ತಾನಾಗಿ ಬಂದಿದ್ದೂ ಅಲ್ಲ. ಹಳೇ ಮನೆಗೆ ಹೋಗಿತ್ತು. ನಾನೇ ಕರ್ಕೊಂಡು ಬಂದೆ. ಸುಯುನ್‌ಬಾಯಣ್ಣ ಕುಡಿದಿರಲಿಲ್ಲ. ದಾರಿ ತಪ್ಪಲೂ ಇಲ್ಲ. ಲಗಾಮು ಬಿಟ್ಟು, ಕೈ ತೋಳೊಳಗೆ ಇಟ್ಕೊಂಡು, ನನ್ನ ಮಾತು ನಂಬಿ ಕೂತಿದ್ದ."

"ಥೂ!" ಎಂದ ಟೊಕೊಯ್. "ಬೆಳಗ್ಗೆ ನಾನು ಅಷ್ಟೆಲ್ಲ ಅಂತಿದ್ದಾಗ ಬಾಯಲ್ಲಿ ಮಣ್ಣಿತ್ತೇನೋ ನಿನಗೆ?"

ಮಾಮತ್‌ನ ಕೋಲು ಎಸೆನ್‌ಕುಲ್‌ನ ಭುಜದವರೆಗೆ ಎದ್ದಿತು, ಅಲ್ಲೇ ನಿಂತಿತು, ಕೆಳಗಿಳಿಯಿತು.

"ಹುಲ್ಲಾಗಿದ್ರೆ ನಾನು ಬಿಟ್ಟುಕೊಡ್ತಿದ್ದೆ," ಎಂದ ಮಾಮತ್. "ಇದು ನನ್ನ ಕೈಲಿಲ್ಲ. ಒಳಗಿರೋಳು ಹೇಳಬೇಕು."

ಆಗಲೇ ಎಲ್ಲರಿಗೂ ಗೊತ್ತಾದದ್ದು, ಗುಡಾರದೊಳಗಿನ ಹಾಡು ನಿಂತು ಎಷ್ಟೋ ಹೊತ್ತಾಗಿತ್ತು. ಸುಯುನ್‌ಬಾಯ್‌ನ ಮಗಳು ಜಿಪಾರ್ ಹೊರಗೆ ಬಂದಳು. ಅತ್ತು ಅತ್ತು ಕೆನ್ನೆ ಊದಿತ್ತು. ಎಸೆನ್‌ಕುಲ್‌ನ ಮುಖ ನೋಡದೆ ಕೇಳಿದಳು:

"ಆ ಕುದುರೆ ಇಲ್ಲಿದೆಯಾ ಅಂತ ಅಮ್ಮ ಕೇಳ್ತಿದ್ದಾಳೆ."

"ಇದೆ ತಾಯಿ. ಅದರ ಮೇಲೇ ಬಂದೆ."

"ಜೀನು, ಲಗಾಮು ಎರಡೂ ತೆಗೆದು ಬಿಡಬೇಕಂತೆ. ಅಮ್ಮ ನೋಡಬೇಕಂತೆ."

ಗುಡಾರದ ಪಕ್ಕದ ಕಂಬಳಿಯನ್ನು ಹೆಂಗಸರು ಮೊಣಕಾಲೆತ್ತರ ಸುತ್ತಿ ಮೇಲೆತ್ತಿದರು. ಕತ್ತಲಲ್ಲಿ ಬೂರುಲ್ ಗೋಡೆ ಬಿಟ್ಟು ಈ ಕಡೆ ತಿರುಗಿ ಕೂತದ್ದು ಕಂಡಿತು. ಮುಖದ ತುಂಬ ಉಗುರಿನಿಂದ ಗೀರಿಕೊಂಡ ಗೆರೆಗಳಿದ್ದವು.

ಎಸೆನ್‌ಕುಲ್ ಕುದುರೆಗಳನ್ನು ಕಟ್ಟಿದ್ದ ಸಾಲುಗಂಬದ ಹತ್ತಿರ ಹೋದ. ಜೀನು ಇಳಿಸಿ ನೆಲಕ್ಕಿಟ್ಟ. ಲಗಾಮು ಬಿಚ್ಚಲು ಬೆರಳು ಬಾಗದೆ ಹಲ್ಲಿನಿಂದ ಗಂಟು ಸಡಿಲಿಸಿದ. ಕುದುರೆ ಮೈ ಕೊಡವಿತು. ಕಟ್ಟಿದ್ದ ಬೇರೆ ಕುದುರೆಗಳನ್ನು ಮೂಸಿತು. ಕೆಳಗೆ ಎಸೆನ್‌ಕುಲ್‌ನ ಮನೆಯ ಹೊಗೆ ನೆಟ್ಟಗೆ ಏಳುತ್ತಿತ್ತು. ಆ ಕಡೆ ಒಂದು ಸಲ ಕಿವಿ ನಿಮಿರಿಸಿತು. ಬಿಡುಗಣ್ಣಾಗಿ ನೋಡುತ್ತಿದ್ದ ಎಸೆನ್‌ಕುಲ್‌ಗೆ ಅದು ಕೆಳಗೇ ಹೋಗಲಿ ಎನಿಸಿತೋ, ಮೇಲಕ್ಕೆ ಹೋಗಲಿ ಎನಿಸಿತೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.

ಕುದುರೆ ತಿರುಗಿತು. ಚಟ್ಟದ ಪಕ್ಕದಲ್ಲೇ ಹಾದು, ನಿಂತಿದ್ದವರು ಬಿಟ್ಟ ದಾರಿಯಲ್ಲಿ ಮೆಲ್ಲಗೆ ನಡೆದು, ದಿಬ್ಬ ದಾಟಿದ ಮೇಲೆ ಓಡತೊಡಗಿತು.

ಒಳಗೆ ಬೂರುಲ್ ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ದಾರಿ ತಪ್ಪಿ ಘಟ್ಟಕೇಕೆ ಹೋದೆಯೋ ಎಂಬ ಸಾಲು ಬರಲಿಲ್ಲ. ಆ ಜಾಗದಲ್ಲಿ, "ಮಾತ ನಂಬಿ ಲಗಾಮ ಬಿಟ್ಟವನೇ" ಎಂದಳು. ಕಂಬಳಿ ಕೆಳಗಿಳಿಯಿತು. ಎಸೆನ್‌ಕುಲ್‌ಗೆಂದು ಬೇರೆ ಮಾತೇನೂ ಹೊರಗೆ ಬರಲಿಲ್ಲ.

"ಎತ್ರಪ್ಪಾ," ಎಂದ ಮಾಮತ್.

ಟೊಕೊಯ್ ಚಟ್ಟದ ಮುಂದಿನ ಕೋಲಿಗೆ ಹೆಗಲು ಕೊಟ್ಟ. ಹಿಂದೆ ಒಂದು ಹೆಗಲಿನ ಜಾಗ ಖಾಲಿಯಿತ್ತು. ಬಾ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಎಸೆನ್‌ಕುಲ್ ಲಗಾಮು ಹಿಡಿದು ನಿಂತಿದ್ದ. ಕಡಿವಾಣದ ಕಬ್ಬಿಣ ಕುದುರೆಯ ಬಾಯಿಯ ಬಿಸಿಯನ್ನು ಇನ್ನೂ ಬಿಟ್ಟಿರಲಿಲ್ಲ. ಮೇಲೆ, ಹಿಮ ಶುರುವಾಗುವಲ್ಲಿಂದ, ಘಟ್ಟದ ಕಡೆಗೆ ಕಪ್ಪು ಹೆಜ್ಜೆಗಳ ಸಾಲೊಂದು ಎಲ್ಲೂ ಬಾಗದೆ ಏರಿಹೋಗುತ್ತಿತ್ತು.