ಇಳಿಸು ಎನ್ನುವವರಿಲ್ಲದ ಕೈ

ಇಡೀ ಬೈಲಹೊಂಗಲದಲ್ಲಿ ನನ್ನ ತೋಳಿಗೆ ಸಮನಾದ ತೋಳಿಲ್ಲ. ತುಂಬಿದ ಹಿತ್ತಾಳೆ ಕೊಡವನ್ನು ಒಂದೇ ಕೈಯಲ್ಲಿ ಎತ್ತಿ ಅಟ್ಟದ ಮೇಲಿಡುತ್ತೇನೆ. ಅದನ್ನು ನೋಡಿ ಸವದತ್ತಿಯ ಪೈಲ್ವಾನನೊಬ್ಬ ಕುಸ್ತಿ ಬಿಟ್ಟು ಬಳೆ ಮಾರಲು ಹೋದ. ಹಾಗೆ ಕಣ್ಣು ಅಗಲ ಮಾಡಬೇಡಿ, ಅರ್ಧ ಸುಳ್ಳು. ಕೊಡ ಅರ್ಧವೇ ತುಂಬಿರುತ್ತದೆ, ಪೈಲ್ವಾನನನ್ನು ನಾನು ಕಂಡೇ ಇಲ್ಲ. ಆದರೆ ತೋಳಿನ ಮಾತು ನಿಜ. ಮರೆಯಬೇಡಿ, ಕೊನೆಗೆ ಬೇಕಾಗುತ್ತದೆ.

ವಿಲಾಯತಿಯ ರಾಣಿ ಸತ್ತು ಅವಳ ಮಗ ಪಟ್ಟಕ್ಕೆ ಬಂದ ಮೇಲಿನ ಮಾತು ಇದು. ನನ್ನ ಮನೆ ಕನ್ನಡ ಶಾಲೆಯ ಬಯಲಿಗೆ ಎದುರು. ಸಂಜೆ ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತ ಕುಳಿತರೆ ಹುಡುಗರ ಕವಾಯತು ಕಾಣುತ್ತಿತ್ತು. ಮಡಿವಾಳೆಪ್ಪ ಮಾಸ್ತರರು ಬೆಳಗಾವಿಯ ಪಲ್ಟನ್ನಿನ ಹವಾಲ್ದಾರನೊಬ್ಬನಿಂದ ಕವಾಯತು ಕಲಿತು ಬಂದವರು. ಕೊರಳಲ್ಲಿ ಸೀಟಿ. ಮೀಸೆ ಮೊದಲು ಬಂದರೆ ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರು ಬರುತ್ತಿದ್ದರು. ಸೀಟಿ ಊದಿ ‘ಹಾತ್ ಉಪ್ಪರ್!’ ಎಂದರೆ, ಬರೀ ಚಡ್ಡಿಯ ಮೇಲೆ ನಿಂತ ಹುಡುಗರ ಸಾಲು ಹೊಲದಿಂದೇಳುವ ಬೆಳ್ಳಕ್ಕಿಯ ಹಾಗೆ ಕೈ ಎತ್ತುತ್ತಿತ್ತು.

ಒಬ್ಬನನ್ನು ಬಿಟ್ಟು. ಅವನು ನನ್ನ ಮಗಳ ಮಗ ನಿಜಗುಣಿ.

ನನ್ನ ಮಗಳು ತಂಗೆವ್ವನನ್ನು ಸಂಗೊಳ್ಳಿಗೆ ಕೊಟ್ಟಿದ್ದೆವು. ಬಗಲಲ್ಲಿ ಗಂಟು ಏಳುವ ಪ್ಲೇಗು, ನಮ್ಮ ಬಾಯಲ್ಲಿ ಗಂಟಬ್ಯಾನಿ, ಬಂದ ವರ್ಷ ಆ ಊರಿನವರೆಲ್ಲ ಮನೆಯ ಹೆಂಚು ತೆಗೆದು, ಒಳಗೆ ಬಿಸಿಲು ಬೀಳಲು ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿಂದ ಅವಳನ್ನು ಸರಕಾರದ ಗಾಡಿಯಲ್ಲಿ ಒಯ್ದರು. ತಿರುಗಿ ಬರಲಿಲ್ಲ. ಅಳಿಯ ರಾಮದುರ್ಗದ ಕಡೆ ಬೇರೆ ಸಂಸಾರ ಹೂಡಿದ. ಹುಡುಗ ನನ್ನ ಹತ್ತಿರ ಬೆಳೆದ. ತಿನ್ನುತ್ತಿದ್ದ, ನಗುತ್ತಿದ್ದ. ತಲೆಯ ಮೇಲಿಂದ ತೊಡುವ ಅಂಗಿ ಮಾತ್ರ ಮುಟ್ಟುತ್ತಿರಲಿಲ್ಲ, ಮುಂದೆ ಕಸೆ ಕಟ್ಟುವ ಅಂಗಿಯೇ ಬೇಕು. ಸೊಕ್ಕು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಅವನ ಮೊದಲ ಕವಾಯತಿನ ದಿನ ಸೀಟಿ ಊದಿದ್ದೇ ತಡ, ಅವನ ತೋಳುಗಳು ಪಕ್ಕೆಗೆ ಅಂಟಿಕೊಂಡವು. ಮುಖದ ರಕ್ತ ಇಳಿದು ಹೋಯಿತು. ಎದೆ ಕಮ್ಮಾರನ ತಿದಿಯ ಹಾಗೆ ಏರಿಳಿಯಿತು. ಒಮ್ಮೆಲೇ ಓಡಿ ಬಂದು ನಮ್ಮ ಜೋಳದ ಕಣಜದ ಹಿಂದೆ ಸೇರಿಕೊಂಡ. ಬೆನ್ನ ಹಿಂದೆಯೇ ಮಾಸ್ತರರು ಬಂದರು.

“ದೇವಕ್ಕಾ, ನಿಮ್ಮ ಮೊಮ್ಮಗ ಯಾವ ಸಂಸ್ಥಾನದ ರಾಜಾ ರೀ? ನಾ ಸೀಟಿ ಊದಿದ್ರ ಓಡಿ ಹೋಗತಾನ!”

“ರಾಜಾ ಅಲ್ರಿ ಮಾಸ್ತರ, ನಿಮ್ಮ ಮೀಸಿಗೆ ಅಂಜ್ಯಾನ. ನಾನೂ ದಿನಾ ಅಂಜತೇನಿ.”

ಅವರು ನಗಲಿಲ್ಲ. “ಮುಂದಿನ ವಾರ ಸಾಲಿ ತಪಾಸಣಿಗೆ ದಿಪೋಟಿ ಸಾಹೇಬ್ರು ಬರ್ತಾರ. ಅದು ಹಾಳಾಗಲಿ. ಬ್ಯಾನಿ ಬಂದಾಗ ನನ್ನ ಸಾಲಿ ಹುಡುಗ್ರು ಹೆಂಗ ಹೋದ್ರು ಅನ್ನೂದನ್ನ ನಾ ಕಣ್ಣಾರೆ ನೋಡೇನಿ. ಸಣಕಲ ಮಕ್ಕಳು, ಗಾಳಿಗೆ ದೀಪಾ ಹೋದಂಗ ಹೋದ್ವು. ಇವರರ ಗಟ್ಟಿ ಆಗಲಿ ಅಂತ ಕವಾಯತ ಮಾಡಸ್ತೇನಿ. ಒಬ್ಬಗ ಬಿಟ್ರ ನಾಳೆ ಎಲ್ಲಾರೂ ಕಣಜದ ಹಿಂದ ಕೂಡತಾರ.”

ನಾನು ಅವರಿಗೆ ಒಂದು ತಂಬಿಗೆ ನೀರು ಕೊಟ್ಟು ಕಳಿಸಿದೆ.

ಮರುದಿನ ಬಾವಿಯ ಹತ್ತಿರ ಓಣಿಯ ಮರೆವ್ವ ಬಾಯಿ ತೆಗೆದಳು.

“ಹೌದೇನ ಬೇ ಯಕ್ಕಾ, ನಿಮ್ಮ ಹುಡುಗ ಕೈನ ಎತ್ತವಲ್ನಂತ. ಬಗಲಾಗ ಗಂಟ ಅದಾವೇನ?”

“ಗಂಟ ನಿನ್ನ ನಾಲಿಗ್ಯಾಗ ಅದಾವ, ಹೋಗ,” ಎಂದೆ. ಆದರೆ ಸುತ್ತ ನಿಂತ ಹೆಂಗಸರು ಕೊಡಗಳನ್ನು ಎತ್ತಿಕೊಂಡು ಹಿಂದೆ ಸರಿದಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಒಂದು ಮಗುವೂ ಇರಲಿಲ್ಲ. ಓಣಿಯ ಹಿರಿಯರಾದ ಬಸವಣ್ಣೆಪ್ಪನವರು ಬಂದರು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತರು.

“ತಪ್ಪ ತಿಳೀಬ್ಯಾಡ್ರಿ ದೇವಕ್ಕಾ. ನಮ್ಮ ಮನ್ಯಾಗೂ ಸಣ್ಣ ಕೂಸು ಅದಾವ. ನಾಳೆ ಸಂಜೀಕ ಸಾಲಿ ಬಯಲಾಗ ಹುಡುಗ ಎಲ್ಲಾರ ಮುಂದ ಕೈ ಎತ್ತಲಿ. ಇಲ್ಲಂದ್ರ ನೀವಿಬ್ರೂ ಊರ ಹೊರಗ ಗುಡಸಲ ಹಾಕ್ಕೊಂಡ ಇರ್ರಿ.”

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬ್ಯಾನಿಯನ್ನು ಕಂಡವರು ಅವರೂ. ಒಳಗೆ ಹೋಗಿ ಹುಡುಗನ ಮೊಳಕೈ ಹಿಡಿದೆ. “ಒಮ್ಮೆ ಎತ್ತೋ ಮಗನ, ನಾ ನೋಡತೇನಿ.”

ಅವನು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಕಣ್ಣು ನನ್ನನ್ನು ದಾಟಿ ಬೇರೆ ಯಾರನ್ನೋ ನೋಡುತ್ತಿತ್ತು. ಮತ್ತೆ ಕಣಜದ ಹಿಂದೆ ಮುದುಡಿಕೊಂಡ. ನಾನು ಕೈ ಬಿಟ್ಟು ಕಣಜದ ಈಚೆ ನೆಲಕ್ಕೆ ಕುಳಿತೆ. ಏನು ಮಾಡಬೇಕು ತಿಳಿಯಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ.

“ನಿಜಗುಣೀ, ಅಲ್ಲೇನ ವಾಸನಿ ಬರತೈತೋ?”

ಬಹಳ ಹೊತ್ತಿನ ಮೇಲೆ, “ಬೇವಿನ ಎಲಿ.” ಹುಳ ಹಿಡಿಯದಿರಲಿ ಎಂದು ಜೋಳಕ್ಕೆ ಹಾಕಿದ್ದೆ.

“ಕೈಗೇನ ಹತ್ತತೈತಿ?”

“ನೆಲಾ. ಸಾರಿಸಿದ್ದು. ತಂಪ ಐತಿ.”

ಹೀಗೇ ಕೇಳುತ್ತ ಹೋದೆ. ಅವನ ಉಸಿರು ಮೆಲ್ಲಗೆ ತಹಬಂದಿಗೆ ಬಂತು. ಆಗ ಅವನೇ ಹೇಳಿದ:

“ಆಯೀ, ಕೈ ಎತ್ತಿದ್ರ ಗಾಡಿ ಬರತೈತಿ.”

“ಯಾವ ಗಾಡೀನೋ?”

“ಅವ್ವನ್ನ ಒಯ್ದದ್ದು.”

ಬಗಲಲ್ಲಿ ಗಂಟು ಎದ್ದಿದೆಯೇ ಎಂದು ನೋಡಲು ಗುಡಿಸಲುಗಳ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರಂತೆ. ಟೊಪ್ಪಿಗೆಯ ಡಾಕ್ಟರು, ಸೀಟಿಯ ಸಿಪಾಯಿ. ‘ಹಾತ್ ಉಪ್ಪರ್!’ ಎಂದಾಗ ಎಲ್ಲರಿಗಿಂತ ಮೊದಲು ಇವನೇ ಎತ್ತಿದನಂತೆ. ಡಾಕ್ಟರು ‘ಶಾಬಾಸ್’ ಅಂದರಂತೆ. ತಂಗೆವ್ವ ಸೆರಗು ಹೊದ್ದು ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡಿದ್ದಳು. ಡಾಕ್ಟರು ಅವಳನ್ನು ದಾಟಿ ಒಂದು ಹೆಜ್ಜೆ ಮುಂದೆ ಹೋಗಿದ್ದರು.

“ಅವ್ವ ಮರತಾಳ ಅಂತ ಮಾಡಿದ್ನಿ, ಆಯೀ. ಅಕಿಗೂ ಶಾಬಾಸ್ ಅನ್ನಲಿ ಅಂತ. ನಾನ ಅಕಿ ಕೈ ಹಿಡದ ಎತ್ತಿದ್ನಿ.”

ಕಣಜದೊಳಗೆ ಒಂದು ಹುಳ ಕೊರೆಯುವ ಸದ್ದು ಕೇಳಿಸುತ್ತಿತ್ತು.

“ಗಾಡಿ ಕಾಣದಂಗ ಆಗೂತನಕ ನನ್ನ ಎರಡೂ ಕೈ ಮ್ಯಾಲ ಇದ್ವು. ಇಳಸು ಅಂತ ಯಾರೂ ಅನ್ನಲಿಲ್ಲ.”

ನನ್ನ ಕನಸಿನಲ್ಲಿ ಆ ಗಾಡಿ ಎಷ್ಟೋ ಸಲ ಹೋಗಿದೆ. ಆದರೆ ನಾನು ಯಾವಾಗಲೂ ಗಾಡಿಯ ಮುಂದೆ ನಿಂತು ತಡೆಯುತ್ತಿದ್ದೆ. ಹಿಂದೆ ಯಾರು ನಿಂತಿದ್ದಾರೆಂದು ನೋಡಿರಲಿಲ್ಲ. ಈಗ ಕಂಡಿತು. ಕೈ ಎತ್ತಿಕೊಂಡು ನಿಂತ ಇಷ್ಟುದ್ದ ಕೂಸು. “ಗಂಟ ನೀ ಹಚ್ಚಿದ್ದಲ್ಲೋ ಮಗನ. ಎತ್ತದಿದ್ರೂ ಅದು ಅಲ್ಲೇ ಇರತಿತ್ತು,” ಎಂದೆ. ಹೂಂ ಅಂದ. ತೋಳು ಮಾತ್ರ ಪಕ್ಕೆ ಬಿಡಲಿಲ್ಲ.

ಬೆಳಗಾಗುತ್ತಲೇ ಮಾಸ್ತರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೊರಳಿನ ಸೀಟಿ ತೆಗೆದು ಅಂಗೈಯಲ್ಲಿಟ್ಟು ನೋಡಿದರು.

“ನನಗೇನ ಗೊತ್ತ ದೇವಕ್ಕಾ…”

“ನನಗೂ ಗೊತ್ತಿರಲಿಲ್ರಿ. ಹೋದಾಕಿ ನನ್ನ ಮಗಳು.”

“ಬಸವಣ್ಣೆಪ್ಪನವರಿಗೆ ನಾ ಹೇಳತೇನಿ. ಹುಡುಗನ್ನ ಬಿಟ್ಟ ಬಿಡ್ರಿ ಅಂತೇನಿ.”

“ಅವರ ಅಂಜಿಕೀನೂ ಅಂಜಿಕೀನ ಅಲ್ರಿ? ಮಾತಿಗೆ ಹೋಗೂದಲ್ಲ ಅದು. ಕಣ್ಣಿಲೆ ನೋಡಬೇಕ ಅವರು.”

ಮಾಸ್ತರರು ಮೀಸೆ ಎಳೆದುಕೊಂಡರು. “ಹಂಗಾರ ಸಾಲು ಬ್ಯಾಡ,” ಎಂದರು ಕೊನೆಗೆ. “ಸಾಲಿನ್ಯಾಗ ನಿಂದರಸಂಗಿಲ್ಲ.”

ಸಂಜೆ ಬಯಲಿನ ಅಂಚಿಗೆ ಓಣಿಯೇ ಬಂದು ನಿಂತಿತ್ತು. ಕಿತ್ತೂರಿನಿಂದಲೂ ಜನ ಬಂದಿದ್ದರು ಎನ್ನುತ್ತೇನೆ ನಾನು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮಾಸ್ತರರು ಸೀಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಹುಡುಗರನ್ನು ಬೇವಿನ ಮರದ ಸುತ್ತ ಉಂಗುರದ ಹಾಗೆ ನಿಲ್ಲಿಸಿ ತಾವೂ ಅವರ ನಡುವೆ ನಿಂತರು. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ನಿಜಗುಣಿಯ ಪಕ್ಕ ನಿಂತೆ.

“ದೇವಕ್ಕ ಪಲ್ಟನ್ ಸೇರಿದ್ಲೋ!” ಎಂದು ಯಾರೋ ಕೂಗಿದರು.

“ಹೂಂನಪಾ, ಮುಂದಿನ ತಿಂಗಳ ಕಾಬೂಲಿಗೆ ಹೊಂಟೇನಿ,” ಎಂದೆ.

“ಕೈ ಮ್ಯಾಲ ಎತ್ತೂಣು,” ಎಂದರು ಮಾಸ್ತರರು, ಊಟಕ್ಕೆ ಕರೆದ ಹಾಗೆ. ಮೊದಲು ತಮ್ಮ ಕೈಯನ್ನೇ ಎತ್ತಿದರು. ಹುಡುಗರೂ ಎತ್ತಿದರು. ನನ್ನ ಪಕ್ಕದಲ್ಲಿ ಆ ಉಸಿರು ಶುರುವಾಯಿತು.

“ನಿಜಗುಣೀ, ಏನ ವಾಸನಿ?”

“ಬೇ… ಬೇವು.”

“ನನ್ನ ಭುಜಾ ಹಿಡದೈತೋ. ಕೈ ಮ್ಯಾಲ ಹೋಗವಲ್ದು. ನೀ ಎತ್ತತೀಯೇನ?”

ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡು ನಿಂತೆ. ನನ್ನ ಮಗಳು ಹೀಗೇ ನಿಂತಿದ್ದಳು ಎಂಬುದು ಆಗ ನನ್ನ ಮೈಗೆ ತಿಳಿಯಿತು. ಹುಡುಗ ನನ್ನನ್ನು ನೋಡಿದ. ದಾರಿಯನ್ನು ನೋಡಿದ. ದಾರಿಯಲ್ಲಿ ಒಂದು ಕರು ನಿಂತಿತ್ತು, ಮತ್ತೇನಿರಲಿಲ್ಲ. ಬಾವಿಯ ನೀರಿನಷ್ಟು ತಣ್ಣಗಿನ ಬೆರಳುಗಳು ನನ್ನ ಮೊಳಕೈಗೆ ತಾಗಿದವು. ಒಂದಿಷ್ಟು ಎತ್ತಿ ನಿಲ್ಲಿಸಿದ.

“ನೋಡೋ. ಏನೈತಿ ಅಲ್ಲೆ?”

ಬಗ್ಗಿ ನೋಡಿದ. “ಬೆವರು,” ಎಂದ. ಮತ್ತೆ ಮೂಗು ಹಿಡಿದು, “ಆಯೀ, ನಾರತೈತಿ!”

ಹುಡುಗರು ನಕ್ಕರು. ಬಸವಣ್ಣೆಪ್ಪನವರೂ ನಕ್ಕರು. ಅವನು ನನ್ನ ಕೈಯನ್ನು ಮೇಲೆತ್ತಿದ, ಇನ್ನೂ ಮೇಲೆ. ನಾನು ಉದ್ದ, ಅವನು ಗಿಡ್ಡ. ನನ್ನ ಕೈ ಪೂರಾ ಮೇಲೆ ಹೋಗಬೇಕಾದರೆ ಅವನ ಎರಡೂ ಕೈ ತಲೆಯ ಮೇಲೆ ಹೋಗಲೇಬೇಕು. ಹೋದವು. ಅವನಿಗೆ ಅರಿವೇ ಇರಲಿಲ್ಲ. ಅಂಗಿಯಿಲ್ಲದ ಆ ಪುಟ್ಟ ಬಗಲುಗಳಲ್ಲಿ ಏನೂ ಇಲ್ಲವೆಂದು ಇಡೀ ಓಣಿ ನೋಡಿತು. ಮರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹುಡುಗನಿಗೆ ಅರಿವಾದದ್ದು ಆಮೇಲೆ. ತನ್ನ ಕೈಗಳನ್ನು ತಾನೇ ಮೇಲೆ ಕಂಡು ಹಾಗೇ ಕಟ್ಟಿಗೆಯಾದ.

“ಇಳಸು ಮಗನ,” ಎಂದೆ. “ಆತು. ಇಳಸು.”

ಇಳಿಸಿದ. ಇಳಿಸಿ ನನ್ನ ಸೀರೆಯಲ್ಲಿ ಮುಖವಿಟ್ಟು ಅತ್ತ. ಹೊಲದಲ್ಲಿ ಅಂದು ಅಳದೆ ಉಳಿದದ್ದೂ ಸೇರಿತ್ತೆಂದು ಕಾಣುತ್ತದೆ, ಸೀರೆ ಹಿಂಡುವಷ್ಟು ತೊಯ್ದಿತು. ಇದರಲ್ಲಿ ಸುಳ್ಳಿಲ್ಲ.

ದಿಪೋಟಿ ಸಾಹೇಬರು ಬಂದ ದಿನ ಅವನು ಕೈ ಎತ್ತಲಿಲ್ಲ. ಮಾಸ್ತರರು “ಆ ಹುಡುಗ ಕವಾಯತ ಎಣಿಸ್ತಾನ್ರಿ” ಎಂದು ಅವನನ್ನು ಬೇವಿನ ಬುಡದಲ್ಲಿ ನಿಲ್ಲಿಸಿದರು. ಈಗ ಕೆಲವು ದಿನ ಎತ್ತುತ್ತಾನೆ, ಕೆಲವು ದಿನ ಒಂದು ಬೇವಿನೆಲೆ ಕಿತ್ತು ಮೂಸುತ್ತ ನಿಲ್ಲುತ್ತಾನೆ. ಬಯಲಿನಲ್ಲಿ ಸೀಟಿಯ ಸದ್ದು ಕೇಳಿ ಬಹಳ ದಿನವಾಯಿತು.

ನನ್ನ ಭುಜದ ಕಥೆ ಮಾತ್ರ ಕೆಟ್ಟಿದೆ ನೋಡಿ. ದಿನಾ ಅವನು ಶಾಲೆಗೆ ಹೊರಡುವ ಹೊತ್ತಿಗೆ ಹಿಡಿದುಕೊಳ್ಳುತ್ತದೆ. ಅವನನ್ನು ಕರೆಯುತ್ತೇನೆ. ಅವನು ನನ್ನ ಕೈ ಎತ್ತಿ, ಇಣುಕಿ ನೋಡಿ, “ಏನೂ ಇಲ್ಲ ಆಯೀ,” ಎನ್ನುತ್ತಾನೆ. “ಇಳಸು,” ಎನ್ನುತ್ತೇನೆ. ಅವನು ಬಯಲು ದಾಟುವುದನ್ನು ನೋಡಿ ಒಳಗೆ ಬಂದು ಕೊಡವನ್ನು ಅಟ್ಟದ ಮೇಲಿಡುತ್ತೇನೆ. ಒಂದೇ ಕೈಯಲ್ಲಿ.

ಈ ಭುಜದ ನೋವು ಯಾವಾಗ ವಾಸಿಯಾಗಬಹುದು? ನೀವೇ ಹೇಳಿ ನೋಡೋಣ.